ದುಬೈ ಖರೀದಿದಾರರು ಬ್ಲಾಕ್‌ಚೈನ್ ಬಿಲ್ ಆಫ್ ಲೇಡಿಂಗ್ ಕೇಳುತ್ತಿದ್ದಾರೆ, ಒಪ್ಪಬಹುದಾ?

ಬಳ್ಳಿಮೆಣಸು (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಚಿಕ್ಕ ವ್ಯಾಪಾರ ಇದೆ. ನಮ್ಮ ತೋಟದ್ದು, ಅಕ್ಕಪಕ್ಕದವರ ತೋಟದ್ದು ಸೇರಿಸಿ ಕಾಳುಮೆಣಸು, ಸ್ವಲ್ಪ ಏಲಕ್ಕಿ, ಒಣಗಿಸಿದ ಮುರುಗಲು ಸಿಪ್ಪೆ ಹಸನು ಮಾಡಿ ಹೊರದೇಶಕ್ಕೆ ಕಳಿಸುತ್ತೇವೆ. ಕಾರವಾರ ಬಂದರು ಇಷ್ಟು ಹತ್ತಿರ ಇದ್ದರೂ ಅಲ್ಲಿಗೆ ಬರುವುದು ಡಾಂಬರು, ಎಣ್ಣೆಯಂಥ ಸರಕಿನ ಹಡಗು. ಹಾಗಾಗಿ ನಮ್ಮ ಮಾಲು ಹುಬ್ಬಳ್ಳಿ ಮೇಲೆ ಲಾರಿಯಲ್ಲಿ ಮುಂಬೈ ಪಕ್ಕದ ನ್ಹಾವಾ ಶೇವಾಕ್ಕೆ ಹೋಗಿ ಅಲ್ಲಿ ಹಡಗು ಹತ್ತುತ್ತದೆ.

ತೊಂದರೆ ಆಗುತ್ತಿರುವುದು ಕಾಗದದ್ದು. ನ್ಹಾವಾ ಶೇವಾ ಬಿಟ್ಟ ಹಡಗು ವಾರದೊಳಗೆ ದುಬೈನ ಜೆಬೆಲ್ ಅಲಿ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ನಮ್ಮ ಮೂಲ ಬಿಲ್ ಆಫ್ ಲೇಡಿಂಗ್ (ಅಲ್ಲಿ ಮಾಲು ಬಿಡಿಸಿಕೊಳ್ಳಲು ತೋರಿಸಬೇಕಾದ ಹಡಗಿನ ಕಾಗದ) ಇನ್ನೂ ಬ್ಯಾಂಕಿನ ಮೇಜಿನ ಮೇಲೇ ಇರುತ್ತದೆ! ಮುಂಬೈಯಿಂದ ಏಜೆಂಟ್ ಅದನ್ನು ಶಿರಸಿಗೆ ಕಳಿಸಬೇಕು. ನಾವು ಸಹಿ ಹಾಕಿ ಶಾಖೆಗೆ ಕೊಡಬೇಕು. ಶಾಖೆ ದೊಡ್ಡ ಕಚೇರಿಗೆ, ದೊಡ್ಡ ಕಚೇರಿ ದುಬೈ ಬ್ಯಾಂಕಿಗೆ ಕೊರಿಯರ್ ಮಾಡಬೇಕು. ಹೋದ ಹಂಗಾಮಿನಲ್ಲಿ ಒಂದು ಲಾಟಿನ ಕಾಗದ ನಡುವೆ ಎಲ್ಲೋ ನಿಂತುಬಿಟ್ಟಿತು. ಕಂಟೇನರ್ ಬಂದರಿನಲ್ಲಿ ಕೂತಿತು, ಬಾಡಿಗೆ ಏರುತ್ತಾ ಹೋಯಿತು. ಖರೀದಿದಾರರು ಆ ದುಡ್ಡನ್ನು ನಮ್ಮ ಬಿಲ್ಲಿನಿಂದಲೇ ಮುರಿದುಕೊಂಡರು. ಒಂದು ಒಳ್ಳೆಯ ಲಾಟಿನ ಲಾಭವೆಲ್ಲ ಅದಕ್ಕೇ ಹೋಯಿತು. ಮೆಣಸು ಕೊಟ್ಟ ಮನೆಗಳಿಗೆ ಹಣ ಕೊಡುವುದೂ ತಡವಾಯಿತು. ನನಗೆ ಜಾಸ್ತಿ ಬೇಜಾರಾದದ್ದು ಅದು.

ಈಗ ಅದೇ ಖರೀದಿದಾರರು ಹೇಳುತ್ತಿದ್ದಾರೆ: ಮುಂದಿನ ಸಲದಿಂದ ಕಾಗದ ಬೇಡ, ಬ್ಲಾಕ್‌ಚೈನ್ ಮೇಲಿನ ಇಲೆಕ್ಟ್ರಾನಿಕ್ ಬಿಲ್ ಆಫ್ ಲೇಡಿಂಗ್ ಮಾಡಿಸಿ, ನಿಮಿಷದಲ್ಲಿ ನಮ್ಮ ಬ್ಯಾಂಕಿಗೆ ಬರುತ್ತದೆ. ನಮಗೆ ಸ್ವಲ್ಪ ಮುಂಗಡ ಬರುತ್ತದೆ. ಉಳಿದ ಹಣವನ್ನು ಅವರು ಬ್ಯಾಂಕಿಗೆ ಕಟ್ಟಿ ಕಾಗದ ಬಿಡಿಸಿಕೊಳ್ಳಬೇಕು, ಹಾಗೆ ಒಪ್ಪಂದ. ಕಾಗದವೇ ಇಲ್ಲದಿದ್ದರೆ ನಮ್ಮ ಕೈಯಲ್ಲಿ ಏನು ಹಿಡಿತ ಉಳಿಯುತ್ತದೆ? ನಮ್ಮ ಬ್ಯಾಂಕ್ ಒಪ್ಪುತ್ತದಾ? ಕಾನೂನು ಏನನ್ನುತ್ತದೆ? ನಮ್ಮ ದರ ಬೇರೆ ವ್ಯಾಪಾರಿಗಳಿಗೆ ಕಾಣುತ್ತದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗಂಗಾವಳಿ (ಅಂಕೋಲಾ)

ಸ್ವಲ್ಪ ಹುಷಾರಾಗಿರಿ ಅಂತ ಹೇಳುತ್ತೇನೆ. ಹಡಗು ಕಂಪನಿ ಮೆರ್ಸ್ಕ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಅಂತ ದೊಡ್ಡ ಬ್ಲಾಕ್‌ಚೈನ್ ವೇದಿಕೆ ಶುರು ಮಾಡಿದ್ದರು. 2022ರ ನವೆಂಬರಿನಲ್ಲಿ ನಿಲ್ಲಿಸುತ್ತೇವೆ ಎಂದರು, 2023ರಲ್ಲಿ ಮುಚ್ಚಿಯೇಬಿಟ್ಟರು. ಯುರೋಪಿನ ಬ್ಯಾಂಕುಗಳ ಇಂಥದ್ದೇ ವೇದಿಕೆ ವಿ.ಟ್ರೇಡ್ 2022ರಲ್ಲಿ ಹೋಯಿತು. ಕಾಂಟೂರ್ ಅಂತ ಇನ್ನೊಂದು 2023ರಲ್ಲಿ ಬಾಗಿಲು ಹಾಕಿತು. ಅಷ್ಟು ದೊಡ್ಡವರೇ ನಡೆಸಲು ಆಗದ್ದನ್ನು ನಮ್ಮಂಥ ಸಣ್ಣವರು ನಂಬಿ ಮಾಲು ಕಳಿಸುವುದು ಹೇಗೆ? ಕಾಗದ ತಡವಾದರೂ ಕೈಯಲ್ಲಿ ಇರುತ್ತದೆ ಅಲ್ವಾ.

ಕೋಡಿಬಾಗ (ಕಾರವಾರ)

ಬ್ಯಾಂಕೊಂದರ ವಿದೇಶಿ ವ್ಯಾಪಾರ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಇಂಥ ಕಾಗದಗಳನ್ನೇ ದಿನವಿಡೀ ನೋಡುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆಗೆ ಹೌದು ಅಥವಾ ಬೇಡ ಅಂತ ಒಂದು ಮಾತಿನ ಉತ್ತರ ಕೊಟ್ಟರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಮೊದಲು ನಿಮ್ಮ ಕಾಗದಗಳನ್ನು ಎರಡು ರಾಶಿ ಮಾಡಿ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಮೂಲದ ಪ್ರಮಾಣಪತ್ರ ಇವೆಲ್ಲ ಒಂದು ರಾಶಿ. ಇವುಗಳ ನೂರು ಪ್ರತಿ ಇದ್ದರೂ ಯಾರಿಗೂ ನಷ್ಟವಿಲ್ಲ. ಒಳಗಿರುವುದು ನಿಜವಾಗಿದ್ದರೆ, ಕೊಟ್ಟವರ ಸಹಿ ಅಸಲಿಯಾಗಿದ್ದರೆ ಸಾಕು. ಇವು ಆಗಲೇ ಆನ್‌ಲೈನ್ ಆಗಿವೆ. ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ನಿಮ್ಮ ಶಿಪ್ಪಿಂಗ್ ಬಿಲ್ ಅವರ ಐಸ್‌ಗೇಟ್ ತಾಣದಲ್ಲಿ ಹೋಗುತ್ತದೆ, ಜೊತೆಯ ಕಾಗದ ಇ-ಸಂಚಿತ್‌ನಲ್ಲಿ. ಮೂಲದ ಪ್ರಮಾಣಪತ್ರ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ತಾಣದಲ್ಲಿ ಸಿಗುತ್ತದೆ. ಸಸ್ಯ ಆರೋಗ್ಯದ್ದನ್ನು ದೇಶದಿಂದ ದೇಶಕ್ಕೆ ಕಳಿಸಲು ಇಫೈಟೋ ಅಂತ ವ್ಯವಸ್ಥೆ ಇದೆ. ಇವಕ್ಕೆ ಬ್ಲಾಕ್‌ಚೈನ್ ಬೇಕೇಬೇಕು ಅಂತ ಯಾರಾದರೂ ಮಾರಲು ಬಂದರೆ, ಡಿಜಿಟಲ್ ಸಹಿ ಯಾಕೆ ಸಾಲದು ಅಂತ ಕೇಳಿ.

ಇನ್ನೊಂದು ರಾಶಿಯಲ್ಲಿ ಬಿಲ್ ಆಫ್ ಲೇಡಿಂಗ್ ಒಂದೇ. ಹಡಗಿನವರು ಮಾಲು ಪಡೆದುಕೊಂಡ ರಸೀತಿ ಅದು, ಸಾಗಿಸುವ ಕರಾರಿಗೆ ಸಾಕ್ಷಿಯೂ ಅದೇ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಅದು ಯಾರ ಕೈಯಲ್ಲಿದೆಯೋ ಮಾಲು ಅವರಿಗೆ. ಸಾಮಾನ್ಯವಾಗಿ ಮೂರು ಮೂಲ ಪ್ರತಿ ಕೊಡುತ್ತಾರೆ. ಒಂದನ್ನು ತೋರಿಸಿ ಮಾಲು ಬಿಡಿಸಿದರೆ ಉಳಿದೆರಡು ಸತ್ತ ಹಾಗೆ. ಬ್ಯಾಂಕ್ ನಿಮಗೆ ಸಾಲ ಕೊಡುವುದೂ ಅದನ್ನು ಹಿಡಿದುಕೊಂಡೇ. ಪಿಡಿಎಫ್ ಮಾಡಿ ಮಿಂಚಂಚೆಯಲ್ಲಿ ಕಳಿಸಿದರೆ ಕಳಿಸಿದವರಲ್ಲೂ ಉಳಿಯಿತು, ಪಡೆದವರಲ್ಲೂ ಬಂತು. ಇಬ್ಬರೂ ತಮ್ಮದೇ ಎನ್ನಬಹುದು. ಉಳಿದದ್ದೆಲ್ಲ ಗಣಕದೊಳಗೆ ಹೋದರೂ ಈ ಒಂದು ಕಾಗದ ಕೊರಿಯರ್ ಚೀಲದಲ್ಲೇ ಉಳಿದದ್ದು ಇದಕ್ಕೇ.

ಬ್ಲಾಕ್‌ಚೈನ್ ಎಂದರೆ ಹಂಚಿದ ಲೆಡ್ಜರ್, ಎಲ್ಲರ ಬಳಿಯೂ ಒಂದೇ ಪ್ರತಿ ಇರುವ ಲೆಕ್ಕದ ಪುಸ್ತಕ. ಅದು ಮಾಡುವ ಕೆಲಸ ಇಷ್ಟೇ: ಒಂದು ಹೊತ್ತಿನಲ್ಲಿ ಒಬ್ಬರ ಹತೋಟಿ. ನೀವು ಬ್ಯಾಂಕಿಗೆ ದಾಟಿಸಿದ ಕ್ಷಣದಿಂದ ನೀವು ಅದನ್ನು ಇನ್ನೊಬ್ಬರಿಗೆ ದಾಟಿಸಲಾರಿರಿ. ಆ ದಾಖಲೆಯನ್ನು ಯಾರೋ ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ಕೂತು ತಿದ್ದಲೂ ಆಗದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಾಗದ ಹೋದರೂ ಹಿಡಿತ ಹೋಗುವುದಿಲ್ಲ. ನೀವು ಬಿಲ್ಲನ್ನು ದುಬೈ ಬ್ಯಾಂಕಿಗೆ ದಾಟಿಸುತ್ತೀರಿ, ಖರೀದಿದಾರರಿಗಲ್ಲ. ಅವರು ಹಣ ಕಟ್ಟಿದ ಮೇಲೆ ಬ್ಯಾಂಕ್ ಅವರಿಗೆ ದಾಟಿಸುತ್ತದೆ. ಕ್ರಮ ಹಳೆಯದೇ, ಕೊರಿಯರ್ ಮಾತ್ರ ಇಲ್ಲ. ಖರೀದಿದಾರರು "ನಮಗೇ ನೇರ ದಾಟಿಸಿ" ಎಂದರೆ ಮಾತ್ರ ಒಪ್ಪಬೇಡಿ.

ಇದಕ್ಕೆ ಬ್ಲಾಕ್‌ಚೈನೇ ಬೇಕಾ ಅಂತ ಕೇಳಿದರೆ, ದೇಶದೊಳಗೆ ಬೇಡ. ನಮ್ಮಲ್ಲಿ ನೋಂದಾಯಿತ ಗೋದಾಮಿನ ರಸೀತಿ 2017ರಿಂದ ಇಲೆಕ್ಟ್ರಾನಿಕ್ ರೂಪದಲ್ಲಿ ಸಿಗುತ್ತದೆ. ರೈತರು ಅದನ್ನು ಅಡವಿಟ್ಟು ಸಾಲ ಪಡೆಯಬಹುದು, ಬೇರೆಯವರಿಗೆ ದಾಟಿಸಬಹುದು. ಅದರ ಹಿಂದೆ 2007ರ ಗೋದಾಮು ಕಾಯ್ದೆ ಇದೆ, ಒಂದು ನಿಯಂತ್ರಣ ಪ್ರಾಧಿಕಾರ ಇದೆ, ಲೆಕ್ಕ ಇಡುವ ರೆಪಾಸಿಟರಿ ಇದೆ. ಎಲ್ಲರೂ ಒಂದೇ ಕಾನೂನಿಗೆ ತಲೆಬಾಗುವಲ್ಲಿ ಒಂದು ಕಚೇರಿಯ ಪುಸ್ತಕ ಸಾಕು. ಸಮುದ್ರ ದಾಟಿದ ಮೇಲೆ ಆ ಪುಸ್ತಕವನ್ನು ಯಾರ ಮನೆಯಲ್ಲಿ ಇಡುವುದು? ನೀವು ಶಿರಸಿಯಲ್ಲಿ, ಬ್ಯಾಂಕ್ ದುಬೈಯಲ್ಲಿ, ಹಡಗು ಕಂಪನಿಯ ಯಜಮಾನರು ಯುರೋಪಿನಲ್ಲಿ. ಯಾರೂ ಇನ್ನೊಬ್ಬರ ಪುಸ್ತಕವನ್ನು ಸುಮ್ನೆ ಒಪ್ಪುವುದಿಲ್ಲ. ಅಲ್ಲಿ ಮಾತ್ರ ಎಲ್ಲರ ಬಳಿಯೂ ಒಂದೇ ಲೆಕ್ಕ ಇರುವ ಈ ಉಪಾಯಕ್ಕೆ ಅರ್ಥ ಬರುತ್ತದೆ. ಗಡಿ ದಾಟದ ವ್ಯವಹಾರಕ್ಕೆ ಬ್ಲಾಕ್‌ಚೈನ್ ಅನ್ನುವವರ ಮಾತಿಗೆ ನಾನು ಕಿವಿ ಕೊಡುವುದಿಲ್ಲ, ಗಡಿ ದಾಟುವ ಈ ಒಂದು ಕಾಗದದ ವಿಷಯಕ್ಕೆ ಕೊಡುತ್ತೇನೆ.

ಗಂಗಾವಳಿಯವರು ಟ್ರೇಡ್‌ಲೆನ್ಸ್ ನೆನಪಿಸಿದ್ದು ಸರಿ. ಅದು ತಂತ್ರ ಕೆಟ್ಟು ನಿಂತದ್ದಲ್ಲ. ಎಂಎಸ್‌ಸಿ, ಸಿಎಂಎ ಸಿಜಿಎಂ ತರದ ದೊಡ್ಡ ಹಡಗು ಕಂಪನಿಗಳೂ ಸೇರಿದ್ದವು. ಆದರೂ ಇಡೀ ಉದ್ಯಮದ ಸಹಕಾರ ಸಿಗಲಿಲ್ಲ, ಹಾಗಾಗಿ ವ್ಯಾಪಾರವಾಗಿ ನಡೆಯಲಿಲ್ಲ ಅಂತ ಮೆರ್ಸ್ಕ್‌ನವರೇ ಹೇಳಿದರು. ಅದರಿಂದ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ನಮ್ಮ ಕಂಟೇನರ್ ಸಮುದ್ರದ ಮೇಲಿರುವಾಗ ವೇದಿಕೆಯೇ ನಿಂತುಹೋದರೆ? ಒಳ್ಳೆಯ ವೇದಿಕೆಗಳಲ್ಲಿ ಇಲೆಕ್ಟ್ರಾನಿಕ್ ಬಿಲ್ಲನ್ನು ರದ್ದು ಮಾಡಿ ಹಡಗು ಕಂಪನಿಯಿಂದ ಕಾಗದದ ಬಿಲ್ ಪಡೆಯುವ ದಾರಿ ಇರುತ್ತದೆ. ಆ ಷರತ್ತನ್ನು ಓದದೆ ಸೇರಬೇಡಿ.

ಈಗ ಕಾನೂನು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2017ರಲ್ಲಿ ಒಂದು ಮಾದರಿ ಕಾನೂನು ಮಾಡಿತು. ಎಂಎಲ್‌ಇಟಿಆರ್ ಅಂತ ಕರೆಯುತ್ತಾರೆ. ಕಾಗದ ಕೈಯಲ್ಲಿ ಹಿಡಿದಿರುವುದಕ್ಕೆ ಸಮನಾಗಿ ಇಲೆಕ್ಟ್ರಾನಿಕ್ ದಾಖಲೆಯ ಮೇಲಿನ ಒಬ್ಬರ ಹತೋಟಿಯನ್ನು ಒಪ್ಪಬೇಕು ಅನ್ನುವುದು ಅದರ ತಿರುಳು. ಬ್ಲಾಕ್‌ಚೈನೇ ಆಗಬೇಕು ಅಂತ ಅದು ಎಲ್ಲೂ ಹೇಳುವುದಿಲ್ಲ. ಬಹರೇನ್ 2018ರಲ್ಲಿ ಮೊದಲು ತಂದಿತು. ಸಿಂಗಪುರ 2021ರಲ್ಲಿ. ಬ್ರಿಟನ್ನಿನ ಕಾಯ್ದೆ 2023ರ ಸೆಪ್ಟೆಂಬರ್ 20ರಿಂದ ಜಾರಿಯಲ್ಲಿದೆ. ನಿಮಗೆ ಮುಖ್ಯವಾಗುವುದು ಇದೇ, ಯಾಕೆಂದರೆ ಬಹಳಷ್ಟು ಬಿಲ್‌ಗಳ ಬೆನ್ನ ಹಿಂದೆ "ಇಂಗ್ಲಿಷ್ ಕಾನೂನು ಅನ್ವಯ" ಅಂತ ಅಚ್ಚಾಗಿರುತ್ತದೆ. ಅಬುಧಾಬಿಯ ಹಣಕಾಸು ವಲಯ 2021ರಲ್ಲಿ ಇಂಥ ನಿಯಮ ತಂದಿದೆ, ಆದರೆ ಅದು ಆ ವಲಯಕ್ಕೆ ಮಾತ್ರ, ದುಬೈಗೆ ಅಲ್ಲ.

ನಮ್ಮ ದೇಶದಲ್ಲಿ 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆ ಮೊನ್ನೆಮೊನ್ನೆವರೆಗೆ ನಡೆಯುತ್ತಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿ, ಧಾರವಾಡದ ಹತ್ತಿಗಾಗಿ ಕಾರವಾರ ಬಂದರು ಬೆಳೆಸಲು ಹೊರಟರಲ್ಲ, ಅದಕ್ಕಿಂತಲೂ ಹಳೆಯ ಕಾಯ್ದೆ! 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಭಾಷೆ ಸರಳವಾಯಿತು. ಆದರೆ ಇಲೆಕ್ಟ್ರಾನಿಕ್ ಬಿಲ್ಲಿನ ಹತೋಟಿ ಎಂದರೇನು, ಅದು ಹೇಗೆ ದಾಟುತ್ತದೆ ಎಂದು ಬಿಡಿಸಿ ಹೇಳುವ ಕಲಮು ಅದರಲ್ಲಿ ಇಲ್ಲ. ಇಷ್ಟು ಒಳ್ಳೆಯ ಅವಕಾಶ ಕೈಬಿಟ್ಟದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಒಂದು ಸಾಲು ಸೇರಿಸಿದ್ದರೆ ನಿಮ್ಮಂಥ ಎಷ್ಟೋ ಮಂದಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಹಾಗಾದರೆ ಈಗ ಹೇಗೆ ನಡೆಯುತ್ತಿದೆ? ಕರಾರಿನ ಬಲದಿಂದ. ವೇದಿಕೆಗೆ ಸೇರುವ ಎಲ್ಲರೂ ಒಂದೇ ನಿಯಮ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಒಳಗೆ ಆದ ಹಸ್ತಾಂತರವನ್ನು ಪ್ರಶ್ನಿಸುವುದಿಲ್ಲ ಎಂದು ಒಪ್ಪುತ್ತಾರೆ. 1999ರಲ್ಲಿ ಬೊಲೆರೊ ಅನ್ನುವ ವೇದಿಕೆ ಶುರುವಾದದ್ದೇ ಹಾಗೆ, ಆಗ ಬ್ಲಾಕ್‌ಚೈನ್ ಹುಟ್ಟಿರಲೇ ಇಲ್ಲ. ಹಡಗು ಮಾಲೀಕರ ವಿಮೆ ನೋಡುವ ಪಿ ಅಂಡ್ ಐ ಕ್ಲಬ್‌ಗಳ ಒಕ್ಕೂಟ 2010ರಿಂದ ಇಂಥ ವೇದಿಕೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ. ನಿಮ್ಮ ಖರೀದಿದಾರರು ಹೇಳಿದ ವೇದಿಕೆ ಆ ಪಟ್ಟಿಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಬ್ಯಾಂಕಿನ ವಿಷಯದಲ್ಲಿ ಶಾಖೆಯವರ ಬಾಯಿಮಾತು ಸಾಲದು. ಖರೀದಿದಾರರ ಬ್ಯಾಂಕ್ ತಾನೇ ಹಣದ ಭರವಸೆ ಕೊಡುವ ಲೆಟರ್ ಆಫ್ ಕ್ರೆಡಿಟ್‌ಗೆ ಇಯುಸಿಪಿ, ಬ್ಯಾಂಕ್ ಹಣ ಪಡೆದು ಕಾಗದ ಬಿಡುವ ನಿಮ್ಮಂಥ ಕಲೆಕ್ಷನ್ ವ್ಯವಹಾರಕ್ಕೆ ಇಯುಆರ್‌ಸಿ ಅಂತ ಅಂತರರಾಷ್ಟ್ರೀಯ ನಿಯಮಗಳಿವೆ. ಅವುಗಳ ಪ್ರಕಾರ ಇಲೆಕ್ಟ್ರಾನಿಕ್ ದಾಖಲೆ ತೆಗೆದುಕೊಳ್ಳುತ್ತೀರಾ, ಈ ವೇದಿಕೆಯಲ್ಲಿ ನಿಮಗೆ ಖಾತೆ ಇದೆಯಾ ಎಂದು ವಿದೇಶಿ ವ್ಯಾಪಾರ ವಿಭಾಗಕ್ಕೆ ಬರೆದು ಕೇಳಿ. ರಫ್ತಿನ ಹಣ ಬಂತಾ ಎಂದು ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್‌ನಲ್ಲಿ ನಿಮ್ಮ ಶಿಪ್ಪಿಂಗ್ ಬಿಲ್ ಮುಚ್ಚಬೇಕಾದವರು ಅವರೇ, ಅದನ್ನೂ ಕೇಳಿಕೊಳ್ಳಿ.

ಇನ್ನೊಂದು ಮಾತು. ನೀವು ಅರ್ಧ ಕಂಟೇನರ್ ಕಳಿಸುವವರಾದರೆ ನಿಮ್ಮ ಕೈಗೆ ಬರುವುದು ಹಡಗು ಕಂಪನಿಯ ಬಿಲ್ ಅಲ್ಲ, ಏಜೆಂಟರೇ ಕೊಡುವ ಹೌಸ್ ಬಿಲ್ ಆಗಿರಬಹುದು. ಹಡಗು ಕಂಪನಿ ವೇದಿಕೆಯಲ್ಲಿದ್ದು ಏಜೆಂಟ್ ಇಲ್ಲದಿದ್ದರೆ ನಿಮಗೆ ಪ್ರಯೋಜನವಿಲ್ಲ.

ಬಳ್ಳಿಮೆಣಸು (ಶಿರಸಿ)

ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ನಮ್ಮದು ಕೆಲವೊಮ್ಮೆ ಪೂರ್ತಿ ಕಂಟೇನರ್, ಕೆಲವೊಮ್ಮೆ ಹೌಸ್ ಬಿಲ್ ಮೇಲೇ ಹೋಗುತ್ತದೆ. ಏಜೆಂಟರನ್ನು ಕೇಳಬೇಕು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಪರಿಚಯದವರೊಬ್ಬರು "ಬ್ಲಾಕ್‌ಚೈನ್ ಎಲ್ಲಾ ಯಾಕೆ, ಸರೆಂಡರ್ ಮಾಡಿಬಿಡಿ" ಅಂತಾರೆ. ಅದು ನಡೆಯುತ್ತದಾ?

ಕೋಡಿಬಾಗ (ಕಾರವಾರ)

ನಡೆಯುತ್ತದೆ, ಹಣ ಪೂರ್ತಿ ಬಂದ ಮೇಲೆ. ಸರೆಂಡರ್ ಎಂದರೆ ಮೂಲ ಪ್ರತಿಗಳನ್ನು ಇಲ್ಲೇ ಹಡಗು ಕಂಪನಿಗೆ ವಾಪಸ್ ಕೊಡುವುದು. ಅವರು ಆ ಬಂದರಿನ ಕಚೇರಿಗೆ ಸಂದೇಶ ಕಳಿಸುತ್ತಾರೆ, ಖರೀದಿದಾರರು ಕಾಗದ ತೋರಿಸದೆ ಮಾಲು ಒಯ್ಯುತ್ತಾರೆ. ಬಿಲ್ ಆಫ್ ಲೇಡಿಂಗ್ ಬದಲು ಕೊಡುವ ಸೀ ವೇಬಿಲ್ ಎಂಬ ಸಾಗಣೆ ರಸೀತಿಯಲ್ಲಂತೂ ಮೊದಲಿನಿಂದಲೇ ಕಾಗದ ತೋರಿಸುವ ಮಾತಿಲ್ಲ. ಪೂರ್ತಿ ಮುಂಗಡ ಕೊಡುವ ಹಳೆಯ ಗಿರಾಕಿಯಾದರೆ ಇದೇ ಒಳ್ಳೆಯದು, ಖರ್ಚೂ ಕಮ್ಮಿ, ಯಾವ ವೇದಿಕೆಯೂ ಬೇಡ. ನಿಮಗೆ ಬಾಕಿ ಹಣ ಬರಬೇಕಿರುವಾಗ ಸರೆಂಡರ್ ಮಾಡಿದರೆ ಮೆಣಸೂ ಹೋಯಿತು, ಹಿಡಿತವೂ ಹೋಯಿತು.

ಹೊಸತೋಟ (ಸಿದ್ದಾಪುರ)

ನಾನು ರಫ್ತುದಾರ ಅಲ್ಲ, ಬೆಳೆಗಾರ. ನನಗೆ ಬೇರೆಯದೇ ಚಿಂತೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೇಲೆ ಬಂದು, ಅಲ್ಲಿಯದೇ ಅಂತ ಮೂಲದ ಪ್ರಮಾಣಪತ್ರ ಹಿಡಿದು, ಕಡಿಮೆ ಸುಂಕದಲ್ಲಿ ಒಳಗೆ ಬರುತ್ತದೆ ಅಂತ ನಾವು ಬೆಳೆಗಾರರು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ ಇಟ್ಟದ್ದು ಆ ಗಲಾಟೆಯ ಮೇಲೆಯೇ. ಈ ಲೆಡ್ಜರ್ ಬಂದರೆ ಆ ಮೋಸ ನಿಲ್ಲುತ್ತದಾ? ನಿಲ್ಲುವುದಾದರೆ ನಾನಂತೂ ಎರಡೂ ಕೈ ಎತ್ತಿ ಬೆಂಬಲಿಸುತ್ತೇನೆ.

ಕೋಡಿಬಾಗ (ಕಾರವಾರ)

ಅದೊಂದರಿಂದಲೇ ನಿಲ್ಲುವುದಿಲ್ಲ. ನಿಮಗೆ ಸುಳ್ಳು ಆಸೆ ಕೊಡಲಾರೆ. ಪ್ರಮಾಣಪತ್ರ ಖೋಟಾ ಆಗಿದ್ದರೆ, ಅಂದರೆ ಆ ದೇಶದ ಕಚೇರಿ ಕೊಡದೇ ಇದ್ದದ್ದನ್ನು ಯಾರೋ ಸೃಷ್ಟಿಸಿದ್ದರೆ, ಲೆಡ್ಜರ್ ಏನು, ಸರಿಯಾದ ಡಿಜಿಟಲ್ ಸಹಿಯೇ ಹಿಡಿದುಕೊಡುತ್ತದೆ. ಕಚೇರಿಯೇ ನೋಡದೆ ಕೊಟ್ಟಿದ್ದರೆ? ಆ ಸುಳ್ಳು ಅಳಿಸಲಾಗದ ಹಾಗೆ ದಾಖಲಾಗುತ್ತದೆ, ಅಷ್ಟೇ. ಕಾಳು ಯಾವ ಬಳ್ಳಿಯದು ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಹೋಗಿಬಿಟ್ಟಿತು. ಲೆಕ್ಕದಲ್ಲಿ ಜಪ್ತಿಯಾದ ಅದಿರು ಇತ್ತು, ದಕ್ಕೆಯಲ್ಲಿ ಇರಲಿಲ್ಲ. ಆ ಲೆಕ್ಕ ಬ್ಲಾಕ್‌ಚೈನಿನಲ್ಲಿ ಇದ್ದಿದ್ದರೂ ಅದಿರು ಉಳಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ರಾಶಿ ನೋಡಿ ಬರೆಯುವ ಪ್ರಾಮಾಣಿಕ ಮನುಷ್ಯ ಬೇಕು.

ನಿಮ್ಮ ಹೋರಾಟಕ್ಕೆ ಹೆಚ್ಚು ಬಲ ಕೊಡುವುದು ಆಮದು ಮಾಲಿನ ಮೂಲದ ಬಗ್ಗೆ ಕಸ್ಟಮ್ಸ್ ತಂದ 2020ರ ಕಾರೋಟಾರ್ ನಿಯಮ. ಪ್ರಮಾಣಪತ್ರ ತೋರಿಸಿದರೆ ಸಾಕಾಗುವುದಿಲ್ಲ, ಮಾಲು ಆ ದೇಶದ್ದೇ ಎನ್ನಲು ಬೇಕಾದ ಮಾಹಿತಿಯನ್ನು ಆಮದುದಾರರೇ ಇಟ್ಟುಕೊಂಡಿರಬೇಕು, ಕಸ್ಟಮ್ಸ್ ಕೇಳಿದಾಗ ಕೊಡಬೇಕು ಅನ್ನುತ್ತದೆ ಅದು. ನಿಮ್ಮ ಬೆಳೆಗಾರರ ಸಂಘ ಅದನ್ನು ಹಿಡಿದು ಕೇಳಲಿ.

ಶರಾವತಿ ದಂಡೆ (ಹೊನ್ನಾವರ, ಈಗ ಸಿಂಗಪುರ)

ನಾನು ಸಾಫ್ಟ್‌ವೇರ್ ಕಡೆಯವನು. ದರ ಕಾಣುತ್ತದಾ ಅನ್ನುವ ಪ್ರಶ್ನೆಗೆ ಉತ್ತರಿಸುತ್ತೇನೆ. ಸರಿಯಾಗಿ ಕಟ್ಟಿದ ವೇದಿಕೆಯಲ್ಲಿ ಬಿಲ್ಲಿನ ಒಳಗಿನ ಬರಹ ಲೆಡ್ಜರಿಗೆ ಹೋಗುವುದೇ ಇಲ್ಲ. ಅದರ ಹ್ಯಾಶ್ ಮಾತ್ರ ಹೋಗುತ್ತದೆ. ಕಡತದಿಂದ ಲೆಕ್ಕ ಹಾಕಿ ತೆಗೆದ ಅಕ್ಷರ, ಅಂಕಿಗಳ ಸಾಲು ಅದು, ಬೆರಳಚ್ಚಿದ್ದ ಹಾಗೆ. ಬೆರಳಚ್ಚಿನಿಂದ ಮನುಷ್ಯನ ಮುಖ ಬರೆಯಲು ಆಗದಂತೆ ಹ್ಯಾಶ್‌ನಿಂದ ನಿಮ್ಮ ದರ ತೆಗೆಯಲು ಆಗುವುದಿಲ್ಲ. ಕಡತದಲ್ಲಿ ಒಂದು ಅಂಕಿ ತಿದ್ದಿದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ, ಹಾಗಾಗಿ ತಿದ್ದಿದ್ದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿಯ ಸರ್ಕಾರದ ಟ್ರೇಡ್‌ಟ್ರಸ್ಟ್ ಎನ್ನುವ ಚೌಕಟ್ಟಿನ ಕೋಡ್ ಎಲ್ಲರಿಗೂ ತೆರೆದಿದೆ. ಅದರಲ್ಲಿ ಮಾಲಿನ ಹಕ್ಕುದಾರರು ಬೇರೆ, ದಾಖಲೆ ಹಿಡಿದಿರುವವರು ಬೇರೆ ಎಂದು ಎರಡು ಪಾತ್ರ ಇಡಬಹುದು. ಕೋಡಿಬಾಗದವರು ಹೇಳಿದ ಬ್ಯಾಂಕಿನ ಕ್ರಮಕ್ಕೆ ಅದು ಸರಿ ಹೊಂದುತ್ತದೆ.

ನನಗೆ ಹೆದರಿಕೆ ಇರುವುದು ನಿಮ್ಮ ಅಂಗಡಿಯೊಳಗಿನ ಶಿಸ್ತಿನ ಬಗ್ಗೆ. ಆ ಬಿಲ್ಲನ್ನು ದಾಟಿಸುವ ಕೀ ಅಥವಾ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಸಣ್ಣ ವ್ಯಾಪಾರಗಳಲ್ಲಿ ಒಂದೇ ಫೋನಿನಲ್ಲಿ ಎಲ್ಲರ ಪಾಸ್‌ವರ್ಡ್ ಇರುವುದನ್ನು ಬಹಳ ಕಂಡಿದ್ದೇನೆ. ಕಾಗದದ ಬಿಲ್ಲನ್ನು ಕಬ್ಬಿಣದ ಕಪಾಟಿನಲ್ಲಿ ಇಡುತ್ತಿದ್ದಿರಿ ಅಲ್ವಾ, ಇದಕ್ಕೂ ಅಷ್ಟೇ ಜಾಗ್ರತೆ ಬೇಕು. ಒಬ್ಬರು ತಯಾರಿಸಿ ಇನ್ನೊಬ್ಬರು ಒಪ್ಪಿದ ಮೇಲೆಯೇ ಹಸ್ತಾಂತರ ಆಗುವ ಹಾಗೆ ಖಾತೆ ಮಾಡಿಸಿಕೊಳ್ಳಿ. ದಾಟಿಸಿದ್ದನ್ನು ನೀವೊಬ್ಬರೇ ವಾಪಸ್ ಪಡೆಯಲು ಆಗುವುದಿಲ್ಲ. ತಪ್ಪು ಖಾತೆಗೆ ಹೋದರೆ ಆ ಕಡೆಯವರು ಮನಸ್ಸು ಮಾಡಬೇಕು. ಕೀ ಕಳೆದರೆ ಏನು ಗತಿ ಅಂತ ವೇದಿಕೆಯವರಿಂದ ಮೊದಲೇ ಲಿಖಿತವಾಗಿ ಪಡೆಯಿರಿ.

ಗಂಗಾವಳಿ (ಅಂಕೋಲಾ)

ಕಾಗದಕ್ಕೆ ವಾಪಸ್ ಬರುವ ದಾರಿ ಇದೆ ಅಂದದ್ದು ನನಗೆ ಹೊಸ ವಿಷಯ. ಅದಿದ್ದರೆ ನನ್ನ ಅಂಜಿಕೆ ಸುಮಾರು ಕಮ್ಮಿಯಾಯಿತು. ಆದರೂ ಮೊದಲ ಸಲಕ್ಕೆ ದೊಡ್ಡ ಲಾಟು ಬೇಡ ಅನ್ನುತ್ತೇನೆ.

ಬಳ್ಳಿಮೆಣಸು (ಶಿರಸಿ)

ಎಲ್ಲರಿಗೂ ಧನ್ಯವಾದ. ಇವತ್ತು ಏಜೆಂಟರಿಗೆ ಫೋನ್ ಮಾಡಿದೆ. ಪೂರ್ತಿ ಕಂಟೇನರ್ ಆದರೆ ಹಡಗು ಕಂಪನಿಯೇ ಇಲೆಕ್ಟ್ರಾನಿಕ್ ಬಿಲ್ ಕೊಡಬಹುದು, ಅವರ ಹೌಸ್ ಬಿಲ್ ಮಾತ್ರ ಸದ್ಯಕ್ಕೆ ಕಾಗದದಲ್ಲೇ ಅಂದರು. ವೇದಿಕೆಯ ಹೆಸರು ಪಿ ಅಂಡ್ ಐ ಪಟ್ಟಿಯಲ್ಲಿದೆಯಾ, ಬಿಲ್ಲಿಗೆ ಯಾವ ದೇಶದ ಕಾನೂನು, ಕಾಗದಕ್ಕೆ ಬದಲಾಯಿಸಲು ಎಷ್ಟು ದಿನ, ಈ ಮೂರನ್ನು ಖರೀದಿದಾರರಿಗೆ ಬರೆದು ಕೇಳಿದ್ದೇನೆ. ಬ್ಯಾಂಕಿಗೂ ಪತ್ರ ಹೋಯಿತು. ಈ ಸಲದ ಮೆಣಸು ಕೊಯ್ದು ಒಣಗಿ ಮುಗಿಯುವುದರೊಳಗೆ ಅವರ ಉತ್ತರ ಬಂದರೆ ಒಂದು ಕಂಟೇನರ್ ಹೀಗೆ ಕಳಿಸುತ್ತೇವೆ, ಇಲ್ಲದಿದ್ದರೆ ಕಾಗದದಲ್ಲೇ. ಕೋಡಿಬಾಗದವರೇ, ಬ್ಯಾಂಕಿನವರು "ಇದು ನಮ್ಮಲ್ಲಿ ಇನ್ನೂ ಬಂದಿಲ್ಲ" ಎಂದರೆ ಏನು ಮಾಡಲಿ?

ಕೋಡಿಬಾಗ (ಕಾರವಾರ)

ಅದನ್ನೂ ಬರಹದಲ್ಲೇ ಕೊಡಲು ಕೇಳಿ. ಆ ಪತ್ರವನ್ನು ಖರೀದಿದಾರರಿಗೆ ತೋರಿಸಿ, ಮುಂಗಡದ ಪಾಲು ಹೆಚ್ಚಿಸಲು ಹೇಳಿ. ಬೇಗ ಮಾಲು ಬೇಕಿರುವುದು ಅವರಿಗೆ. ಜೊತೆಗೆ, ಕಾಗದ ತಡವಾಗಿ ಬಂದರಿನಲ್ಲಿ ಬಾಡಿಗೆ ಏರಿದರೆ ಯಾರ ಪಾಲಿಗೆ ಎಷ್ಟು ಎಂದು ಈ ಸಲದ ಕರಾರಿನಲ್ಲೇ ಬರೆಸಿಕೊಳ್ಳಿ. ಕರಡು ಬಂದ ಮೇಲೆ ದರ, ಹೆಸರು ಅಳಿಸಿ ಇಲ್ಲಿ ಹಾಕಿ, ನೋಡಿಕೊಡುತ್ತೇನೆ.